ಬೀಗ ತೆಗೆದದ್ದು ಯಾರು? ಶರೀಫರ ಪದ, 65ಎ ಕಲಂ ಮತ್ತು ಕನ್ನಡದ ಸ್ವತಂತ್ರ ಬ್ಯಾಂಡುಗಳು

ಡಿಜಿಟಲ್ ಸಂಗೀತದ ಚರಿತ್ರೆ ಹೇಳುವಾಗ ಒಂದು ಸರಣಿ ತಪ್ಪದೆ ಬರುತ್ತದೆ. ಕಂಪನಿಗಳು ಹಾಡಿಗೆ ನಕಲು ತಡೆಯುವ ಬೀಗ ಹಾಕಿದವು. 2005ರಲ್ಲಿ ಸೋನಿ ಬಿಎಂಜಿಯ ಸಿ.ಡಿ.ಗಳು ಕೇಳುಗರ ಕಂಪ್ಯೂಟರಿಗೆ ಗುಟ್ಟಾಗಿ ತಂತ್ರಾಂಶ ಇಳಿಸಿದ್ದು ಬಯಲಾಯಿತು. 2009ರ ಜನವರಿಯಲ್ಲಿ ಆ್ಯಪಲ್ ಕಂಪನಿ ಐಟ್ಯೂನ್ಸ್ ಹಾಡುಗಳ ಬೀಗ ತೆಗೆಯುವುದಾಗಿ ಸಾರಿತು. ಅಲ್ಲಿಂದ ಸ್ವತಂತ್ರ ಬ್ಯಾಂಡುಗಳು ತಲೆಯೆತ್ತಿದವು. ಅಮೆರಿಕದ ಮಟ್ಟಿಗೆ ಇದರಲ್ಲಿ ಹುರುಳಿರಬಹುದು. ಕರ್ನಾಟಕಕ್ಕೆ ಇದನ್ನು ಹಾಗೆಯೇ ತಂದು ಅಂಟಿಸಿದರೆ ಇಸವಿಗಳೇ ಎದುರು ಸಾಕ್ಷಿ ಹೇಳುತ್ತವೆ.

ಮೈಸೂರಿನಲ್ಲಿ ಸ್ವರಾತ್ಮ ಬ್ಯಾಂಡು ಹುಟ್ಟಿದ್ದು 2002ರಲ್ಲಿ. ಗಾಯಕ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ವಿಶಾಲ್-ಶೇಖರ್ ಜೋಡಿಯ ಸಂಸ್ಥೆಯಿಂದ ಬಂದದ್ದು 2008ರಲ್ಲಿ. ಐಟ್ಯೂನ್ಸ್ ಅಂಗಡಿ ಭಾರತದಲ್ಲಿ ಬಾಗಿಲು ತೆರೆದದ್ದು 2012ರ ಡಿಸೆಂಬರಿನಲ್ಲಿ, ಅಂದರೆ ಬೀಗ ಕಳಚಿ ಮೂರು ವರ್ಷ ದಾಟಿದ ಮೇಲೆ. ಅದೇ ವರ್ಷದ ಫೆಬ್ರುವರಿಯಲ್ಲಿ ಬೆಂಗಳೂರಿನ ಫ್ಲಿಪ್‌ಕಾರ್ಟ್ ಬೀಗವಿಲ್ಲದ ಎಂಪಿ3 ಹಾಡುಗಳನ್ನು ಮಾರಲು ‘ಫ್ಲೈಟ್’ ಎಂಬ ಅಂಗಡಿ ತೆರೆದು, 2013ರ ಜೂನಿನಲ್ಲಿ ಮುಚ್ಚಿತು. ಆ ಅಂಗಡಿ ತೆರೆಯುವ ಮೊದಲೂ ಈ ಬ್ಯಾಂಡುಗಳು ಊರೂರು ಸುತ್ತಿ ಹಾಡುತ್ತಿದ್ದವು, ಮುಚ್ಚಿದ ಮೇಲೂ ಹಾಡಿದವು. ಕಾರಣವನ್ನು ಬೇರೆ ಕಡೆ ಹುಡುಕಬೇಕು.

ಈ ತಪ್ಪು ಸರಣಿಯ ಮೂಲ ಸಂಗೀತ ವಿದ್ವಾಂಸ ಪೀಟರ್ ಮ್ಯಾನುಯೆಲ್ ಅವರ ‘ಕ್ಯಾಸೆಟ್ ಕಲ್ಚರ್’ (1993) ಅಲ್ಲ, ಅದನ್ನು ಬಳಸಿಕೊಂಡ ರೀತಿ. ಅಗ್ಗದ ಟೇಪು ಬಂದಮೇಲೆ ಸಂಗೀತದ ತಯಾರಿಕೆ ಒಂದೆರಡು ದೊಡ್ಡ ಕಂಪನಿಗಳ ಕೈಯಿಂದ ಜಿಲ್ಲೆ-ತಾಲ್ಲೂಕುಗಳ ಸಣ್ಣ ಉತ್ಪಾದಕರಿಗೆ ಹಂಚಿಹೋಯಿತೆಂದು ಅವರು ದಾಖಲೆ ಸಮೇತ ತೋರಿಸಿದರು. ಉತ್ತರ ಭಾರತದ ಜನಪ್ರಿಯ ಸಂಗೀತ ಎಂಬ ಗಡಿಯನ್ನು ಉಪಶೀರ್ಷಿಕೆಯಲ್ಲೇ ಹಾಕಿಕೊಂಡರು. ಅವರ ಹೆಸರು ಹೇಳುವವರು ಆ ಗಡಿಯನ್ನು ದಾಟಿ, ‘ಯಂತ್ರ ಅಗ್ಗವಾದರೆ ಹಾಡುಗಾರ ಸ್ವತಂತ್ರ’ ಎಂಬ ಸೂತ್ರ ಕಟ್ಟಿಕೊಂಡಿದ್ದಾರೆ. ಈ ಸೂತ್ರದಲ್ಲಿ ಹಾಡಿನ ಮಾತು ಯಾರದು, ಮಟ್ಟು ಯಾರದು ಎಂಬ ಪ್ರಶ್ನೆಗೆ ಜಾಗವೇ ಇಲ್ಲ.

ಆ ಪ್ರಶ್ನೆ ಕೇಳಿದರೆ ರಘು ದೀಕ್ಷಿತ್ ಅವರ 2008ರ ಆಲ್ಬಮ್ಮಿನಲ್ಲಿರುವ ‘ಗುಡುಗುಡಿಯ ಸೇದಿ ನೋಡೊ’ ಬೇರೆಯೇ ಕಥೆ ಹೇಳುತ್ತದೆ. ಪದ ಶಿಶುನಾಳ ಶರೀಫರದು (1819–1889). ಭಾರತದಲ್ಲಿ ಕೃತಿಸ್ವಾಮ್ಯ ಕರ್ತೃ ತೀರಿದ ಮೇಲೆ 60 ವರ್ಷ ನಡೆಯುತ್ತದೆ. ಶರೀಫರ ಮಾತಿಗೆ ಇಂದು ಒಡೆಯರಿಲ್ಲ. ಆದರೆ ಕ್ಯಾಸೆಟ್ಟುಗಳ ಮೂಲಕ, 1990ರ ‘ಸಂತ ಶಿಶುನಾಳ ಶರೀಫ’ ಸಿನಿಮಾದ ಮೂಲಕ ಸಿ. ಅಶ್ವತ್ಥ್ ನಾಡಿಗೆಲ್ಲ ಮುಟ್ಟಿಸಿದ ಮಟ್ಟುಗಳ ಮಾತು ಬೇರೆ. ಅಶ್ವತ್ಥ್ ತೀರಿಕೊಂಡದ್ದು 2009ರ ಡಿಸೆಂಬರಿನಲ್ಲಿ. ಅವರ ರಾಗಸಂಯೋಜನೆಗೆ 2069ರ ಕೊನೆಯವರೆಗೂ ರಕ್ಷಣೆಯಿದೆ. ರಘು ದೀಕ್ಷಿತ್ ಪದ ಇಟ್ಟುಕೊಂಡು ಮಟ್ಟು ಬದಲಿಸಿದರು. ಅದನ್ನು ಬರೀ ಶೈಲಿಯ ಆಯ್ಕೆ ಎಂದು ಓದುವವರು ಅದರ ಅರ್ಧವನ್ನಷ್ಟೇ ಓದುತ್ತಾರೆ. ಮಾತು ಎಲ್ಲರದು, ಮಟ್ಟು ತನ್ನದು, ಮುದ್ರಿಕೆ ತನ್ನದು: ಹೊಸ ಬ್ಯಾಂಡಿಗೆ ಯಾರ ಅಪ್ಪಣೆಯೂ ಬೇಡದ ದಾರಿ ಇದು. 2013ರ ‘ಜಗ್ ಚಂಗಾ’ದಲ್ಲಿ ಅವರು ಮತ್ತೆ ಶರೀಫರ ಬಳಿಗೇ ಹೋದರು.

ಸಿನಿಮಾ ಹಾಡನ್ನೇ ಹೊಸದಾಗಿ ಹಾಡಬಹುದಿತ್ತಲ್ಲ ಎಂಬ ಆಕ್ಷೇಪವಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52(1)(ಜೆ) ಕಲಮಿನಲ್ಲಿ ಅದಕ್ಕೆ ಎಡೆಯಿತ್ತು. 1994ರ ತಿದ್ದುಪಡಿಯಾದ ಮೇಲೆ ಎರಡು ವರ್ಷ ಕಾದು, ನೋಟಿಸು ಕೊಟ್ಟು, ರಾಯಧನ ಕಟ್ಟಿ ಹಾಡಬಹುದಿತ್ತು. 2012ರ ತಿದ್ದುಪಡಿ ಅದನ್ನು ಕಿತ್ತು 31ಸಿ ಕಲಂ ತಂದಿತು. ಈಗ ಐದು ವರ್ಷ ಕಾಯಬೇಕು. ಪ್ರತಿ ತೆಗೆಯುವ ಒಂದೊಂದು ವರ್ಷಕ್ಕೂ ಕನಿಷ್ಠ 50,000 ಪ್ರತಿಗಳ ರಾಯಧನ ಕಟ್ಟಬೇಕು. ನಾಲ್ಕು ಜನರ ಬ್ಯಾಂಡಿಗೆ ಅದು ಆಗದ ಮಾತು. ಇದೇ ಕಲಮಿನಲ್ಲಿ ಯಾರೂ ಗಮನಿಸದ ಒಂದು ವಾಕ್ಯವಿದೆ: ಯಾವುದೇ ಭಾಷೆಯ ಅಥವಾ ಉಪಭಾಷೆಯ ಕೃತಿಗಳ ಪ್ರಸಾರ ಎಷ್ಟಾಗಬಹುದೆಂದು ನೋಡಿ ಕೃತಿಸ್ವಾಮ್ಯ ಮಂಡಳಿ ಆ ಕನಿಷ್ಠವನ್ನು ತಗ್ಗಿಸಬಹುದಿತ್ತು. ಕನ್ನಡದ, ಅದಕ್ಕಿಂತ ಹೆಚ್ಚಾಗಿ ಚಿಂಚೋಳಿ ತಾಂಡಾಗಳ ಲಂಬಾಣಿಯ ಹಾಡುಗಾರರು ಹಿಡಿದು ಕೇಳಬೇಕಾಗಿದ್ದ ವಾಕ್ಯ ಇದು. ಆ ಮಂಡಳಿ 2017ರಲ್ಲಿ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿಯೊಳಗೆ ಸೇರಿಹೋಯಿತು. 2021ರಲ್ಲಿ ಆ ಮೇಲ್ಮನವಿ ಮಂಡಳಿಯೂ ರದ್ದಾಯಿತು.

(ಸ್ವರಾತ್ಮ ಈ ವಾದಕ್ಕೆ ಪೂರ್ತಿ ಒಗ್ಗುವುದಿಲ್ಲ. ಅವರು ಹೆಚ್ಚಾಗಿ ತಮ್ಮದೇ ಹಾಡು ಕಟ್ಟಿದವರು. ಮೊದಲ ಆಲ್ಬಂ 2009ರಲ್ಲಿ ಬಂದದ್ದು ಇಎಂಐ ಮೂಲಕ. ದೊಡ್ಡ ಕಂಪನಿಯ ಬೆನ್ನಿದ್ದೂ ಒಂದು ಬ್ಯಾಂಡು ಸ್ವತಂತ್ರ ಅನ್ನಿಸಿಕೊಂಡಿತೆಂಬುದು ಬೀಗದ ಸಿದ್ಧಾಂತಕ್ಕೆ ಇನ್ನೂ ದೊಡ್ಡ ತೊಡಕು.)

ಇನ್ನು 65ಎ. 2012ರ ತಿದ್ದುಪಡಿ ತಂದ ಈ ಕಲಂ ‘ಡಿಜಿಟಲ್ ಬೀಗ ಮುರಿಯುವುದೇ ಅಪರಾಧ’ ಎನ್ನುತ್ತದೆಂಬ ತಿಳಿವಳಿಕೆ ವ್ಯಾಪಕವಾಗಿದೆ. ಕಲಮನ್ನು ಬಿಡಿಸಿ ಓದಿದವರಿಗೆ ಹಾಗನ್ನಿಸಲು ಕಾರಣವಿಲ್ಲ. ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದವನಿಗೆ ಮಾತ್ರ ಎರಡು ವರ್ಷದವರೆಗಿನ ಸೆರೆ, ದಂಡ. ಎರಡನೆಯ ಉಪಕಲಂ ಇನ್ನೂ ಮುಂದೆ ಹೋಗಿ, ಕಾಯ್ದೆ ಸ್ಪಷ್ಟವಾಗಿ ನಿಷೇಧಿಸದ ಉದ್ದೇಶಕ್ಕೆ ಬೀಗ ಮುರಿದರೆ ತಡೆಯಿಲ್ಲ ಎನ್ನುತ್ತದೆ. ಬೇರೊಬ್ಬರಿಗೆ ಮುರಿದುಕೊಡುವವರು ಅವರ ಹೆಸರು, ವಿಳಾಸ, ಉದ್ದೇಶ ಬರೆದಿಡಬೇಕು, ಅಷ್ಟೇ. 1998ರ ಅಮೆರಿಕದ ಡಿಜಿಟಲ್ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಈ ಉದ್ದೇಶದ ಷರತ್ತಿಲ್ಲ. ಇಂಥ ಬೀಗಗಳಿಗೆ ಕಾನೂನಿನ ಕಾವಲು ಕೇಳುವ ವೈಪೊ ಕೃತಿಸ್ವಾಮ್ಯ ಒಪ್ಪಂದಕ್ಕೆ ಭಾರತ ಸೇರಿದ್ದು 2018ರಲ್ಲಿ. ಅದಕ್ಕೂ ಆರು ವರ್ಷ ಮೊದಲೇ ನಮ್ಮ ಶಾಸಕರು ತಮ್ಮದೇ ಅಳತೆಯ ಕಾನೂನು ಬರೆದಿದ್ದರು. ಅಮೆರಿಕದ ಪುಸ್ತಕ ಇಟ್ಟುಕೊಂಡು ಭಾರತದ ಕಲಂ ವ್ಯಾಖ್ಯಾನಿಸುವ ಚಾಳಿ ವಿದ್ವತ್ತಿಗೆ ಸಲ್ಲದು.

ಅದೇ 2012ರಲ್ಲಿ 52(1)(ಎ) ಕಲಮೂ ಬದಲಾಗಿ, ಖಾಸಗಿ ಬಳಕೆಯ ನ್ಯಾಯಯುತ ನಕಲಿನ ವಿನಾಯಿತಿ ಧ್ವನಿಮುದ್ರಿಕೆಗೂ ದೊರೆಯಿತು. ಈ ಬದಲಾವಣೆಯ ಅರ್ಥ ಬೆಂಗಳೂರಿಗಿಂತ ಕಲಬುರಗಿ ಸೀಮೆಯ ಸೇಡಂ, ವಾಡಿ, ಶಹಾಬಾದಿನ ಮೊಬೈಲ್ ಅಂಗಡಿಗಳಲ್ಲಿ ಸ್ಪಷ್ಟ. ಸಿಮೆಂಟ್ ಕಾರ್ಖಾನೆಯ, ಪರಸಿ ಕಲ್ಲಿನ ಗಣಿಯ ದುಡಿಮೆಗಾರರು ಮೆಮೊರಿ ಕಾರ್ಡಿಗೆ ಹಾಡು ಹಾಕಿಸಿಕೊಂಡು ಕೇಳಿದ ಕಾಲವದು. ತನ್ನ ಬಳಿಯಿರುವ ಹಾಡನ್ನು ತನ್ನ ಫೋನಿಗೆ ಇಳಿಸಿಕೊಂಡವನಿಗೆ ಈ ವಿನಾಯಿತಿ ನೆರಳಾಯಿತು. ಕಾಸು ಪಡೆದು ಕಾರ್ಡು ತುಂಬಿಸಿಕೊಟ್ಟ ಅಂಗಡಿಗೆ ಆಗಲಿಲ್ಲ. ಅದೇ ಫೋನಿನ ಕಾಲರ್ ಟ್ಯೂನಿಗೆ ಯಾವ ಬೀಗವೂ ಬೇಕಿರಲಿಲ್ಲ, ಏಕೆಂದರೆ ಆ ಹಾಡು ಗಿರಾಕಿಯ ಕೈಗೆ ಬರುತ್ತಲೇ ಇರಲಿಲ್ಲ; ಕಂಪನಿಯ ಸರ್ವರಿನಲ್ಲೇ ಉಳಿದು ತಿಂಗಳ ಬಾಡಿಗೆ ತರುತ್ತಿತ್ತು. ನಕಲು ತಡೆಯ ಭಾರತೀಯ ಚರಿತ್ರೆ ಬರೆಯುವವರು ಐಟ್ಯೂನ್ಸ್ ಬಿಟ್ಟು ಇಲ್ಲಿಂದ ಶುರುಮಾಡಬೇಕು.

ಸ್ವತಂತ್ರ ಸಂಗೀತವೆಂದರೆ ಗಿಟಾರಿನ ಬ್ಯಾಂಡು ಮಾತ್ರ ಎಂದುಕೊಳ್ಳುವುದೂ ಬರೀ ಬೆಂಗಳೂರಿನ ನೋಟ. ಏಕತಾರಿ, ದಮ್ಮಡಿ ಹಿಡಿದು ಕಡಕೋಳ ಮಡಿವಾಳಪ್ಪನ ತತ್ವಪದ ಹಾಡುವ ಕಲಬುರಗಿ ಸೀಮೆಯ ಭಜನಾ ಮೇಳಗಳು, ಮೊಹರಂ ಪದದ ಮೇಳಗಳು ಯಾವ ಕಂಪನಿಯನ್ನೂ ನೆಚ್ಚದೆ ಹಾಡಿದವು. ಶರೀಫರ ಪದದಂತೆ ಮಡಿವಾಳಪ್ಪನ ಪದಕ್ಕೂ ಇಂದು ಒಡೆಯರಿಲ್ಲ. ಇವನ್ನು ‘ಜಾನಪದ’ದ ಖಾನೆಗೆ ತಳ್ಳಿ, ಅದೇ ಪದ ವೇದಿಕೆಯ ದೀಪದಡಿ ಬಂದರೆ ‘ಇಂಡಿ’ ಎನ್ನುವುದು ಅನ್ಯಾಯ.

ಇಂದು ಆ ಮೇಳಗಳಿಗೆ ಎದುರಾಗಿರುವ ಬೀಗ ಯೂಟ್ಯೂಬಿನ ಕಂಟೆಂಟ್ ಐಡಿ, 2007ರಿಂದ ನಡೆಯುತ್ತಿರುವ ಸ್ವಯಂಚಾಲಿತ ಹೋಲಿಕೆ. 65ಎ ಉದ್ದೇಶ ಕೇಳುತ್ತದೆ, ಯಂತ್ರ ಹೋಲಿಕೆಯನ್ನಷ್ಟೇ ನೋಡುತ್ತದೆ. ಪದ ಎಷ್ಟು ಹಳೆಯದೆಂದು ಅದಕ್ಕೆ ತಿಳಿಯದು. ನಮ್ಮ 52(1)(ಸಿ) ಕಲಮಿನ ಪ್ರಕಾರ ದೂರುದಾರ 21 ದಿನಗಳೊಳಗೆ ನ್ಯಾಯಾಲಯದ ಆದೇಶ ತರದಿದ್ದರೆ ತೆಗೆದುಹಾಕಿದ ಕೃತಿಯನ್ನು ಮತ್ತೆ ತೆರೆದಿಡಬಹುದು. ಆದರೆ ಕಂಟೆಂಟ್ ಐಡಿಯ ದಾವೆಗಳಲ್ಲಿ ಬಹುಪಾಲು ವಿಡಿಯೊ ತೆಗೆಯಿಸುವುದಿಲ್ಲ. ಅದರ ಜಾಹೀರಾತಿನ ಹಣವನ್ನು ದಾವೆದಾರನ ಕಡೆ ತಿರುಗಿಸುತ್ತವೆ. ಅಂಥ ದಾವೆಗೆ 21 ದಿನಗಳ ನಿಯಮ ತಾಗುವುದಿಲ್ಲ. ಮೇಳ ತಕರಾರು ಎತ್ತಿದರೆ ಉತ್ತರಿಸಲು ಯೂಟ್ಯೂಬ್ ದಾವೆದಾರನಿಗೆ ಕೊಡುವ ಗಡುವು 30 ದಿನ, ಮತ್ತು ಮೊದಲ ತೀರ್ಮಾನ ಹೇಳುವವನು ಆ ದಾವೆದಾರನೇ.