ಆಬ್ಜೆಕ್ಟ್‌ನಿಂದ ಸ್ಕೀಮಾ (ಪೈಡ್ಯಾಂಟಿಕ್)

ಪೈಥಾನ್ ಪ್ರೋಗ್ರಾಮಿನಲ್ಲಿ ಈಗಾಗಲೇ ಇರುವ ಆಬ್ಜೆಕ್ಟನ್ನು ಎಪಿಐ ಉತ್ತರಕ್ಕೆ ಬೇಕಾದ ದತ್ತಾಂಶ ಸ್ಕೀಮಾಕ್ಕೆ ಪರಿವರ್ತಿಸುವ ಕ್ರಮ. ಎಸ್‌ಕ್ಯೂಎಲ್‌ಆಲ್ಕೆಮಿಯಂಥ ಒಆರ್‌ಎಂ ಲೈಬ್ರರಿ ಡೇಟಾಬೇಸಿನ ಸಾಲುಗಳನ್ನು ಆಬ್ಜೆಕ್ಟುಗಳಾಗಿ ಕೊಡುತ್ತದೆ. ದತ್ತಾಂಶ ಪರಿಶೀಲಿಸುವ ಲೈಬ್ರರಿಯಾದ ಪೈಡ್ಯಾಂಟಿಕ್‌ನ ಮಾಡೆಲ್ ಮಾತ್ರ, ಬೇರೆ ಸೂಚನೆ ಇಲ್ಲದಿದ್ದರೆ, ಡಿಕ್ಷನರಿಯನ್ನೇ ನಿರೀಕ್ಷಿಸುತ್ತದೆ. ಈ ಅಂತರವನ್ನು ತುಂಬುವ ಸೆಟ್ಟಿಂಗಿಗೆ ಪೈಡ್ಯಾಂಟಿಕ್‌ನ ಮೊದಲ ಆವೃತ್ತಿಯಲ್ಲಿ ‘ಒಆರ್‌ಎಂ ಮೋಡ್’ ಎಂಬ ಹೆಸರಿತ್ತು. 2023ರಲ್ಲಿ ಬಂದ ಎರಡನೆಯ ಆವೃತ್ತಿ ಅದನ್ನು ‘ಫ್ರಮ್ ಆಟ್ರಿಬ್ಯೂಟ್ಸ್’ ಎಂದು ಬದಲಿಸಿತು. ಇದು ಹೆಚ್ಚು ನಿಖರವಾದ ಹೆಸರು, ಏಕೆಂದರೆ ಆಬ್ಜೆಕ್ಟ್ ಡೇಟಾಬೇಸಿನಿಂದಲೇ ಬಂದಿರಬೇಕೆಂಬ ನಿಯಮವೇನೂ ಇಲ್ಲ.

ಸ್ಕೀಮಾದಲ್ಲಿ ಘೋಷಿಸಿದ ಫೀಲ್ಡುಗಳನ್ನಷ್ಟೇ ಆಬ್ಜೆಕ್ಟಿನಿಂದ ಓದಿ, ಅವುಗಳ ಟೈಪನ್ನು ಪರಿಶೀಲಿಸಲಾಗುತ್ತದೆ. ಬಳಕೆದಾರರ ಪಾಸ್‌ವರ್ಡ್ ಹ್ಯಾಶ್ ಸ್ಕೀಮಾದಲ್ಲಿ ಇಲ್ಲವೆಂದರೆ ಉತ್ತರದಲ್ಲೂ ಇರುವುದಿಲ್ಲ. ಈ ವಿಧಾನದ ಬಹುದೊಡ್ಡ ಲಾಭ ಇದೇ. ಫಾಸ್ಟ್‌ಎಪಿಐ ಚೌಕಟ್ಟಿನಲ್ಲಿ ಉತ್ತರದ ಮಾಡೆಲ್ ಸೂಚಿಸಿದರೆ ಪರಿವರ್ತನೆ ತಾನಾಗಿಯೇ ನಡೆಯುತ್ತದೆ.

ಎಚ್ಚರ ಬೇಕಾದದ್ದು ಒಳಸಂಬಂಧಗಳಲ್ಲಿ. ಲೇಖಕರ ಪಟ್ಟಿಯೊಂದಿಗೆ ಪ್ರತಿಯೊಬ್ಬರ ಪುಸ್ತಕಗಳನ್ನೂ ಸ್ಕೀಮಾ ಕೇಳಿದರೆ, ಆ ಓದೇ ಒಬ್ಬೊಬ್ಬ ಲೇಖಕರಿಗೂ ಹೊಸ ಡೇಟಾಬೇಸ್ ಕ್ವೆರಿಯನ್ನು ಹುಟ್ಟಿಸಬಹುದು. ನೂರು ಲೇಖಕರಿದ್ದರೆ ಒಟ್ಟು 101 ಕ್ವೆರಿ. ಅಸಿಂಕ್ ಸೆಷನ್ನಿನಲ್ಲಾದರೆ ನಿಧಾನವಾಗುವುದಿರಲಿ, ನೇರವಾಗಿ ದೋಷವೇ ಎದುರಾಗುತ್ತದೆ. ಸಂಬಂಧಿತ ಸಾಲುಗಳನ್ನು ಮೊದಲ ಕ್ವೆರಿಯ ಹೊತ್ತಿಗೇ ಲೋಡ್ ಮಾಡಿಸಿಕೊಳ್ಳುವುದು ಇದಕ್ಕೆ ಸರಿಯಾದ ಪರಿಹಾರ.