ಪಾರ್ಕೂ ಪಾರ್ಕಿಂಗೂ

ಇಂಗ್ಲಿಷಿನ ‘ಪಾರ್ಕ್’ ಎಂಬ ಮಾತು ನಮ್ಮ ಪಟ್ಟಣಗಳಲ್ಲಿ ಎಷ್ಟು ಮನೆಮಾತಾಗಿದೆಯೆಂದರೆ, ‘ಉದ್ಯಾನ’ವೆಂಬ ಹೆಸರು ನಗರಸಭೆಯ ಹಲಗೆಯ ಮೇಲಷ್ಟೇ ಉಳಿದಿದೆ. ಅದೇ ಬೇರಿನಿಂದ ಬಂದ ‘ಪಾರ್ಕಿಂಗ್’ ಎಂಬುದೂ ಅಷ್ಟೇ ಬಳಕೆಯ ಮಾತು. ಒಂದು ಹಸುರಿನ ಹೆಸರು, ಇನ್ನೊಂದು ಕಾರು ನಿಲ್ಲಿಸುವ ಕೆಲಸದ ಹೆಸರು. ಒಡಹುಟ್ಟಿದ ಈ ಎರಡು ಮಾತುಗಳು ತುಂಡು ನೆಲಕ್ಕಾಗಿ ದಾಯಾದಿಗಳಂತೆ ಕಾದಾಡುವುದನ್ನು ಕಾಣಬೇಕಾದರೆ ಮಕ್ಕಳ ಆಟದ ಬಯಲಿನ ಬಾಗಿಲಿಗೆ ಹೋಗಬೇಕು. ಈ ವ್ಯಾಜ್ಯದ ಕಡತ ಮೊದಲು ಬೆಳೆದದ್ದು ಅಮೆರಿಕದಲ್ಲಿ. ಆದ್ದರಿಂದ ಅದರ ಚರಿತ್ರೆಯನ್ನೂ ಅಲ್ಲಿಂದಲೇ ಹೇಳಬೇಕಾಗುತ್ತದೆ.

ಹಳೆಯ ಫ್ರೆಂಚಿನಲ್ಲಿ ಪಾರ್ಕ್ ಎಂದರೆ ಬೇಲಿ ಹಾಕಿದ ಆವರಣ, ಬೇಟೆಯ ಮೃಗಗಳನ್ನು ಕೂಡಿಹಾಕುವ ಜಾಗ. ಲಂಡನ್ನಿನ ಹೈಡ್ ಪಾರ್ಕು ಎಂಟನೆಯ ಹೆನ್ರಿ ದೊರೆ 1536ರಲ್ಲಿ ತನ್ನ ಬೇಟೆಗೆಂದು ವಶಪಡಿಸಿಕೊಂಡ ನೆಲ; ಜನಸಾಮಾನ್ಯರಿಗೆ ಅದರ ಬಾಗಿಲು ತೆರೆದದ್ದು ನೂರು ವರ್ಷ ಕಳೆದ ಮೇಲೆ, 1637ರಲ್ಲಿ. ಇತ್ತ ದಂಡಿನವರು ಫಿರಂಗಿಗಳನ್ನೂ ಮದ್ದಿನ ಬಂಡಿಗಳನ್ನೂ ಸಾಲಾಗಿ ನಿಲ್ಲಿಸುವ ಆವರಣವನ್ನೂ ಪಾರ್ಕ್ ಎಂದೇ ಕರೆದರು. ವಾಹನ ನಿಲ್ಲಿಸುವ ಅರ್ಥ ಹುಟ್ಟಿದ್ದು ಈ ದಂಡಿನ ದಾರಿಯಿಂದ.

ಆದರೆ ನಡುವೆ ಒಂದು ಸೊಗಸಾದ ತಿರುವಿದೆ. ವಾಷಿಂಗ್ಟನ್ ನಗರದ ಬೀದಿಗಳು ವಿಪರೀತ ಅಗಲವಾಗಿದ್ದುವು. ಧೂಳು, ಕೆಸರು ಹೇಳತೀರದು. ಬೀದಿಯ ಅಗಲದಲ್ಲಿ ಅರ್ಧದವರೆಗೆ ಹುಲ್ಲು, ಮರಗಳಿಗಾಗಿ ಬಿಟ್ಟುಕೊಡಬಹುದೆಂದು 1870ರಲ್ಲಿ ಅಲ್ಲಿನ ಶಾಸನಸಭೆ ಕಾನೂನು ಮಾಡಿತು. ಆ ಹಸುರು ಪಟ್ಟಿಗೆ ಇಟ್ಟ ಹೆಸರು ‘ಪಾರ್ಕಿಂಗ್’! ಸಾವಿರಾರು ಸಾಲುಮರಗಳನ್ನು ನೆಡಿಸಿದ ಸಮಿತಿಯ ಹೆಸರು ‘ಪಾರ್ಕಿಂಗ್ ಕಮಿಷನ್’. ಮೋಟಾರು ಬಂದ ಮೇಲೆ ಅನೇಕ ಬೀದಿಗಳಲ್ಲಿ ಮರ ಹೋಗಿ ರಸ್ತೆ ಹಿಗ್ಗಿತು. ಮಾತು ಮಾತ್ರ ಉಳಿದು ಯಜಮಾನನನ್ನು ಬದಲಿಸಿತು. ಅಯೋವಾ ಸಂಸ್ಥಾನದ ಕೆಲವು ಸಣ್ಣ ಊರುಗಳ ಕಟ್ಟಳೆಗಳಲ್ಲಿ ಇಂದಿಗೂ ಕಾಲುದಾರಿಯ ಪಕ್ಕದ ಹುಲ್ಲಿನ ಪಟ್ಟಿಗೆ ಪಾರ್ಕಿಂಗ್ ಎಂದೇ ಹೆಸರಂತೆ. ನಮ್ಮ ಹಳ್ಳಿಯ ಗುಂಡುತೋಪು ನೆನಪಾಗುತ್ತದೆ. ಜಾತ್ರೆಗೆ ಬಂದವರು ಎತ್ತು ಬಿಚ್ಚಿ, ನೊಗ ಇಳಿಸಿ, ಬಂಡಿ ನಿಲ್ಲಿಸುತ್ತಿದ್ದುದು ಆ ಮರಗಳ ನೆರಳಿನಲ್ಲಿಯೇ. ಬಂಡಿ ನಿಂತಿತೆಂದು ತೋಪನ್ನು ಯಾರೂ ಕಡಿಯಲಿಲ್ಲ. ಬಂಡಿಗೆ ನೆರಳು ಬೇಕಿರಲಿಲ್ಲ, ನಿಜ, ಎತ್ತಿಗೆ ಬೇಕಿತ್ತು.

ಇನ್ನು ಆಟದ ಬಯಲಿನ ಕಥೆ. ಅಮೆರಿಕದ ನಗರಗಳಲ್ಲಿ ಬಡವರ ಮಕ್ಕಳಿಗೆ ಬೀದಿಯೇ ಅಂಗಳವಾಗಿತ್ತು. 1885ರಲ್ಲಿ ಬಾಸ್ಟನ್ನಿನ ಕೆಲವರು, ಬರ್ಲಿನ್ನಿನ ಮಾದರಿಯನ್ನು ಕೇಳಿ, ಮಕ್ಕಳಿಗೆಂದು ಒಂದು ಮರಳಿನ ಗುಡ್ಡೆ ಸುರಿಸಿದರು. ಅಷ್ಟೇ! ಅಲ್ಲಿಂದ ಬೆಳೆದ ಚಳವಳಿ 1906ರಲ್ಲಿ ರಾಷ್ಟ್ರೀಯ ಸಂಘವೇ ಆಯಿತು. ಮೋಟಾರು ಹೆಚ್ಚಿದ ಹಾಗೆಲ್ಲ ಬೀದಿಯಲ್ಲಿ ಆಡುವ ಮಕ್ಕಳ ಸಾವೂ ಹೆಚ್ಚಿತು. ಮಕ್ಕಳನ್ನು ಗಾಲಿಯ ಬಾಯಿಂದ ತಪ್ಪಿಸುವುದೇ ಬಯಲು ಕೇಳುವವರ ಬಲವಾದ ವಾದವಾಯಿತು. 1929ರಲ್ಲಿ ಕ್ಲಾರೆನ್ಸ್ ಪೆರ್ರಿ ಎಂಬಾತ ಇದನ್ನು ನಕ್ಷೆಗೆ ಇಳಿಸಿದ. ಒಂದು ಪ್ರಾಥಮಿಕ ಶಾಲೆಗೆ ಸಾಕಾಗುವಷ್ಟು ಜನರ ಬಡಾವಣೆ; ಹೆದ್ದಾರಿಗಳೆಲ್ಲ ಅದರ ಅಂಚಿನಲ್ಲಿ; ನೆಲದ ನೂರಕ್ಕೆ ಹತ್ತು ಪಾಲು ಬಯಲಿಗೆ; ಯಾವ ಮಗುವೂ ಶಾಲೆಗೆ ಅರ್ಧ ಮೈಲಿಗಿಂತ ಹೆಚ್ಚು ನಡೆಯಬಾರದು. ನಕ್ಷೆಯ ಅಳತೆಗೋಲು ಮಗುವಿನ ಕಾಲು, ಕಾರಿನ ಗಾಲಿಯಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಹತ್ತು ವರ್ಷದ ಮೇಲೆ, 1939ರಲ್ಲಿ, ಪೆನ್ಸಿಲ್ವೇನಿಯದ ವಿಲಿಯಮ್ಸ್‌ಪೋರ್ಟ್ ಎಂಬ ಊರಿನಲ್ಲಿ ಕಾರ್ಲ್ ಸ್ಟೋಟ್ಜ್ ಎಂಬ ಸಾಮಾನ್ಯ ಗೃಹಸ್ಥ ಹುಡುಗರಿಗಾಗಿ ಬೇಸ್‌ಬಾಲಿನ ಒಂದು ಪುಟ್ಟ ಕೂಟ ಕಟ್ಟಿದ. ಇದ್ದದ್ದು 3 ತಂಡ; ಹಣ ಕೊಟ್ಟವರಲ್ಲಿ ಒಂದು ಮರದ ಅಡ್ಡೆ, ಒಂದು ಹಾಲಿನ ಡೈರಿ. ದೊಡ್ಡವರ ಆಟದಲ್ಲಿ ಒಂದು ನೆಲೆಯಿಂದ ಇನ್ನೊಂದಕ್ಕೆ 90 ಅಡಿ. ಈತ ಅದನ್ನು 60ಕ್ಕೆ ಇಳಿಸಿದ. ಇದೇ ‘ಲಿಟಲ್ ಲೀಗ್’. ಇದರ ಹಿರಿಮೆಯೆಲ್ಲ ಆ 60 ಅಡಿಯಲ್ಲಿದೆ ಎಂದು ನನ್ನ ಎಣಿಕೆ. ಮಕ್ಕಳನ್ನು ದೊಡ್ಡವರ ಮೈದಾನಕ್ಕೆ ಹಿಗ್ಗಿಸದೆ ಮೈದಾನವನ್ನೇ ಮಕ್ಕಳ ಮೈಕಟ್ಟಿಗೆ ಕುಗ್ಗಿಸಿದ ಪುಣ್ಯಾತ್ಮ ಆತ.

ಮೈದಾನ ಕುಗ್ಗಿತು, ಆದರೆ ಅದಕ್ಕೆ ಬರುವ ದಾರಿ ಹಿಗ್ಗುತ್ತ ಹೋಯಿತು. ಯುದ್ಧಾನಂತರ ಊರುಗಳು ಹೊರಕ್ಕೆ ಚಾಚಿದುವು, ಶಾಲೆಗಳು ದೂರ ಸರಿದುವು, ಎದುರು ತಂಡ ಇನ್ನೊಂದು ಬಡಾವಣೆಯಿಂದ ಬರತೊಡಗಿತು. 1969ರಲ್ಲಿ 5ರಿಂದ 14 ವಯಸ್ಸಿನ ಅಮೆರಿಕದ ಮಕ್ಕಳಲ್ಲಿ ನೂರಕ್ಕೆ 48 ಮಂದಿ ನಡೆದೋ ಬೈಸಿಕಲ್ ತುಳಿದೋ ಶಾಲೆಗೆ ಹೋಗುತ್ತಿದ್ದರು. 2009ರ ಹೊತ್ತಿಗೆ ಅದು 13ಕ್ಕೆ ಇಳಿದಿತ್ತು. ಶಾಲೆಗೇ ನಡೆಯದವರು ಆಟಕ್ಕೆ ನಡೆದಾರೆಯೆ?

ಸ್ವಲ್ಪ ಲೆಕ್ಕ ಹಾಕೋಣ. ಒಂದು ಕಾರು ನಿಂತು, ತಿರುಗಿ, ಹೊರಡುವುದಕ್ಕೆ ಸುಮಾರು 300 ಚದರಡಿ ಬೇಕು. ಹುಡುಗರು ಓಡುವ ಆ 60 ಅಡಿಯ ಚೌಕ 3600 ಚದರಡಿ. ಅಂದರೆ ಕೇವಲ 12 ಕಾರುಗಳು ಆ ಚೌಕವನ್ನು ತುಂಬಿಬಿಡುತ್ತವೆ. ಎರಡು ತಂಡಕ್ಕೆ 24 ಹುಡುಗರಾದರೆ ಕಾರುಗಳೂ ಹೆಚ್ಚುಕಡಿಮೆ ಅಷ್ಟೇ. ಇದರ ಮೇಲೆ ಒಂದು ಆಟ ಮುಗಿಯುವ ಮುನ್ನವೇ ಮುಂದಿನ ಆಟದವರು ಬಂದಿಳಿಯುತ್ತಾರೆ. ಆ ಅರ್ಧ ಗಂಟೆಗೆ ಬೇಕಾಗುವ ಜಾಗ ಇಮ್ಮಡಿ. ದಿನದ ಉಳಿದ ಹೊತ್ತು ಅದು ಬರಿಯ ಡಾಂಬರು. ಜಾಗ ಕೊಡದಿದ್ದರೆ ಕಾರುಗಳು ಅಕ್ಕಪಕ್ಕದ ಮನೆಗಳ ಬಾಗಿಲಿಗೆ ಅಡ್ಡ ನಿಲ್ಲುತ್ತವೆ. ಮನೆಯವರು ಬಯಲನ್ನೇ ದ್ವೇಷಿಸತೊಡಗುತ್ತಾರೆ. ಜಾಗ ಕೊಟ್ಟರೆ ಬಯಲಿನ ಒಂದು ಅಂಗ ಕತ್ತರಿಸಿ ಕೊಟ್ಟಂತೆ. ಮಗನನ್ನು ಕಾರಿನಲ್ಲಿ ಕರೆತರುವ ತಂದೆಯನ್ನು ಬೈದು ಪ್ರಯೋಜನವಿಲ್ಲ. ಕಾರುಗಳಿಗೆ ಹೆದರಿಯೇ ಅವನು ಮಗನನ್ನು ಕಾರಿನಲ್ಲಿ ಕೂರಿಸಿದ್ದಾನೆ.

ಕಾನೂನು ಯಾವ ಕಡೆ ನಿಂತಿತು? 1923ರಲ್ಲಿ ಓಹಾಯೊದ ಕೊಲಂಬಸ್ ನಗರ, ವಠಾರದ ಮನೆಗಳನ್ನು ಕಟ್ಟುವವರು ಕಾರಿಗೂ ಜಾಗ ಬಿಡಲೇಬೇಕೆಂದು ವಿಧಿಸಿತು. ಮುಂದೆ ಈ ಕಟ್ಟಳೆ ಆಸ್ಪತ್ರೆ, ಅಂಗಡಿ, ದೇವಾಲಯ, ಆಟದ ಮೈದಾನ ಯಾವುದನ್ನೂ ಬಿಡಲಿಲ್ಲ. ಪುಕ್ಕಟೆ ಪಾರ್ಕಿಂಗಿನ ದುಬಾರಿ ಬೆಲೆಯನ್ನು ಕುರಿತು ಡೊನಾಲ್ಡ್ ಶೂಪ್ ಎಂಬ ಪ್ರಾಧ್ಯಾಪಕರು 2005ರಲ್ಲಿ ದಪ್ಪ ಗ್ರಂಥವನ್ನೇ ಬರೆದರು. 2017ರಲ್ಲಿ ಬಫಲೋ ನಗರ ಇಂಥ ಕಡ್ಡಾಯವನ್ನು ಕೈಬಿಟ್ಟಿತು; ಇತರ ನಗರಗಳೂ ಅದೇ ಹಾದಿ ಹಿಡಿದಿವೆ.

ಬೆಂಗಳೂರಿಗೂ ಈ ವ್ಯಾಜ್ಯ ಹೊಸದಲ್ಲ. ಇಲ್ಲಿ ಮೊದಲ ಪ್ರತಿವಾದಿ ಕಾರಾಗಿರಲಿಲ್ಲ, ಕಟ್ಟಡವಾಗಿತ್ತು. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ನಿವೇಶನವನ್ನು 1976ರಲ್ಲಿ ಖಾಸಗಿ ಆಸ್ಪತ್ರೆಗೆ ಕೊಡಲಾಯಿತು. ನೆರೆಹೊರೆಯವರು ನ್ಯಾಯಾಲಯಕ್ಕೆ ಹೋದರು. ಅಷ್ಟರಲ್ಲಿ 1985ರಲ್ಲಿ ಉದ್ಯಾನ, ಆಟದ ಬಯಲು, ತೆರೆದ ಜಾಗಗಳನ್ನು ರಕ್ಷಿಸುವ ಕಾನೂನು ಕರ್ನಾಟಕದಲ್ಲಿ ಬಂದಿತು. 1991ರಲ್ಲಿ ಸುಪ್ರೀಂ ಕೋರ್ಟು ಆ ನಿವೇಶನ ಪಾರ್ಕೇ ಆಗಿರತಕ್ಕದ್ದೆಂದು ತೀರ್ಪಿತ್ತಿತು. ಆಸ್ಪತ್ರೆ ಒಳ್ಳೆಯದಲ್ಲವೆ ಎಂಬ ಪ್ರಶ್ನೆಗೆ, ಬಯಲೂ ಆರೋಗ್ಯಕ್ಕೇ ಎಂಬುದು ಜನರ ಉತ್ತರವಾಗಿತ್ತು.

ಕಟ್ಟಡವಾದರೆ ತಳಪಾಯ ತೋಡುವಾಗಲೇ ತಡೆಯಾಜ್ಞೆ ತರಬಹುದು. ಕಾರಿಗೆ ತಳಪಾಯವಿಲ್ಲ. ಮದುವೆಯ ಸಂಜೆ ಯಾರೋ ಗೇಟು ತೆಗೆಯುತ್ತಾರೆ, ನಲವತ್ತು ಕಾರು ಒಳಕ್ಕೆ ನುಗ್ಗುತ್ತವೆ, ರಾತ್ರಿ ಹತ್ತಕ್ಕೆಲ್ಲ ಬಯಲು ಖಾಲಿ. ಮಳೆಗಾಲವಾಗಿದ್ದರೆ ಮಾರನೆಯ ಬೆಳಿಗ್ಗೆ ಹುಡುಗರು ಚಕ್ರದ ಗಾಡಿಜಾಡಿನಲ್ಲಿ ನಿಂತ ನೀರನ್ನು ಕಾಲಿನಿಂದ ಚೆಲ್ಲಿ, ಸ್ಟಂಪನ್ನು ಸ್ವಲ್ಪ ಆಚೆಗೆ ನೆಟ್ಟುಕೊಳ್ಳುತ್ತಾರೆ.