ನದಿದಂಡೆಯ ಬಂಗಾಸ್ಸು



ಮಧ್ಯ ಆಫ್ರಿಕಾ ಗಣರಾಜ್ಯದ ದಕ್ಷಿಣ ಗಡಿಯಲ್ಲಿ, ಎಂಬೊಮು ನದಿಯ ದಂಡೆಯ ಊರು ಬಂಗಾಸ್ಸು. ನದಿ ದಾಟಿದರೆ ಕಾಂಗೋ. ಎನ್‌ಜಾಕಾರಾ ಜನರ ಅರಸನೊಬ್ಬನ ಹೆಸರೇ ಊರಿಗೂ ಬಂತು. ಮನೆಯಲ್ಲಿ ಎನ್‌ಜಾಕಾರಾ ಅಥವಾ ಜಾಂಡೆ, ಸಂತೆಯಲ್ಲಿ ಸಾಂಗೊ, ಕಚೇರಿಯಲ್ಲಿ ಫ್ರೆಂಚ್. ಗಡಿಯಲ್ಲೇ ಬೆಳೆದ ನಮಗೆ ಇದೇನು ಹೊಸದಲ್ಲ ಬಿಡಿ! ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಒಣಹವೆ, ಆಮೇಲೆ ತಿಂಗಳುಗಟ್ಟಲೆ ಮಳೆ.

2017ರ ಮೇ ತಿಂಗಳಲ್ಲಿ ಶಸ್ತ್ರಧಾರಿಗಳು ಮುಸ್ಲಿಮರ ಕೇರಿಯ ಮೇಲೆ ಎರಗಿದರು. ಅವರಲ್ಲಿ ಕ್ರೈಸ್ತ ಮನೆತನದವರೂ ಇದ್ದರೆಂಬುದನ್ನು ನಾವು ಮುಚ್ಚಿಡಬಾರದು. ಜನ ಮಸೀದಿಯೊಳಗೆ ಅಡಗಿದಾಗ, ಧರ್ಮಾಧ್ಯಕ್ಷರಾದ ಹ್ವಾನ್ ಹೋಸೆ ಅಗಿರ್ರೆ ಮಸೀದಿಯ ಮುಂದೆ ಅಡ್ಡ ನಿಂತರು. ಆ ಊರಲ್ಲೇ ಹುಟ್ಟಿದ ಕಾರ್ಡಿನಲ್ ಎನ್‌ಜಪಲೈಂಗಾ ಸಂಧಾನಕ್ಕೆ ಧಾವಿಸಿದರು. ಸಾವಿರಾರು ಮಂದಿ ನದಿ ದಾಟಿ ಓಡಿದರು. ಸುಮಾರು 2,000 ಮುಸ್ಲಿಮರು ಮಾತ್ರ ಪ್ರಧಾನಾಲಯದ ಪಕ್ಕದ ಸೆಮಿನರಿಯ ಆವರಣದಲ್ಲೇ ವರ್ಷಗಟ್ಟಲೆ ಉಳಿದರು.